ಆನ್‌ಲೈನ್‌ಗೆ ಹಾಕುವ ಮುನ್ನ ಫೋಟೊ ಚಿಕ್ಕದು ಮಾಡುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಬೇಲೂರಿನ ಚೆನ್ನಕೇಶವ ದೇವಸ್ಥಾನಕ್ಕೆ ಹೋಗಿ ಒಂದು ಮದನಿಕೆಯ ಫೋಟೊ ತೆಗೆದಿದ್ದೀರಿ ಎಂದುಕೊಳ್ಳಿ. ಫೋನಿನಲ್ಲಿ ಹಿಗ್ಗಿಸಿ ನೋಡಿದರೆ ಬಳೆ, ಹಾರ, ಬೆರಳಿನ ತುದಿ ಎಲ್ಲವೂ ಸ್ಪಷ್ಟ. ಅದನ್ನೇ ಆನ್‌ಲೈನ್‌ಗೆ ಹಾಕಿ ನೋಡಿದರೆ ಕೆತ್ತನೆಯ ಅಂಚೆಲ್ಲ ಮಸುಕು. ತಪ್ಪು ಕ್ಯಾಮೆರಾದ್ದಲ್ಲ. ನೀವು ಕಳಿಸಿದ ದೊಡ್ಡ ಫೋಟೊವನ್ನು ಆ ಜಾಲತಾಣ ತನಗೆ ಬೇಕಾದ ಅಳತೆಗೆ ತಾನೇ ಇಳಿಸಿಕೊಂಡಿದೆ.

ದಿನಕ್ಕೆ ಕೋಟಿಗಟ್ಟಲೆ ಫೋಟೊ ಬರುವ ಕಡೆ ಎಲ್ಲಕ್ಕೂ ಒಂದೇ ನಿಯಮ. ನಿಮ್ಮ ಫೋಟೊದಲ್ಲಿ ಯಾವುದು ಮುಖ್ಯ, ಎಲ್ಲಿ ಸೂಕ್ಷ್ಮ ಕೆಲಸ ಇದೆ ಅನ್ನುವುದು ಅದಕ್ಕೆ ಗೊತ್ತಾಗುವುದಿಲ್ಲ. ಆ ಕೆಲಸವನ್ನು ನೀವೇ ಮೊದಲು ಮಾಡಿದರೆ ಏನು ಉಳಿಯಬೇಕು, ಏನು ಹೋದರೂ ಪರವಾಗಿಲ್ಲ ಎಂದು ಕಣ್ಣಾರೆ ನೋಡಿ ತೀರ್ಮಾನ ಮಾಡಬಹುದು. ಖರ್ಚೇನೂ ಇಲ್ಲ. ಅಭ್ಯಾಸವಾದರೆ ಒಂದು ಫೋಟೊಗೆ ಎರಡು ನಿಮಿಷ ಸಾಕು.

ಎರಡು ಅಳತೆ, ಎರಡೂ ಬೇರೆ ಬೇರೆ

ಫೋಟೊ ‘ದೊಡ್ಡದು’ ಅಂದಾಗ ನಾವು ಎರಡು ಸಂಗತಿಗಳನ್ನು ಒಟ್ಟಿಗೆ ಸೇರಿಸಿ ಗೊಂದಲ ಮಾಡಿಕೊಳ್ಳುತ್ತೇವೆ. ಒಂದು, ಪಿಕ್ಸೆಲ್ ಲೆಕ್ಕ. ಇನ್ನೊಂದು, ಫೈಲಿನ ತೂಕ, ಅಂದರೆ ಕೆಬಿ ಅಥವಾ ಎಂಬಿ.

ಚುಕ್ಕಿ ರಂಗೋಲಿಯಲ್ಲಿ ಸಾಲು ಸಾಲಾಗಿ ಚುಕ್ಕಿ ಇಡುವ ಹಾಗೆ ಫೋಟೊದಲ್ಲೂ ಅಡ್ಡ ಮತ್ತು ಉದ್ದಕ್ಕೆ ಬಣ್ಣದ ಚುಕ್ಕಿಗಳಿರುತ್ತವೆ. ಅವೇ ಪಿಕ್ಸೆಲ್. 4000×3000 ಅಂದರೆ 1 ಕೋಟಿ 20 ಲಕ್ಷ ಪಿಕ್ಸೆಲ್. ಇದನ್ನೇ 12 ಮೆಗಾಪಿಕ್ಸೆಲ್ ಅನ್ನುತ್ತಾರೆ. ಹೆಚ್ಚಿನ ಫೋನುಗಳ ಮಾಮೂಲಿ ಫೋಟೊ ಇಷ್ಟೇ ಇರುತ್ತದೆ. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ತೆಗೆದರೆ 6000×4000. ಆದರೆ ನೋಡುವವರ ಪರದೆ ಎಷ್ಟಿದೆ? ಫುಲ್ ಎಚ್‌ಡಿ ಲ್ಯಾಪ್‌ಟಾಪಿನಲ್ಲಿ 1920×1080, ಹಳೆಯ ಲ್ಯಾಪ್‌ಟಾಪಿನಲ್ಲಿ 1366×768. 4000 ಪಿಕ್ಸೆಲ್ ಅಗಲದ ಫೋಟೊವನ್ನು ಅಲ್ಲಿ ಪೂರ್ತಿ ತೋರಿಸುವುದಕ್ಕೆ ಜಾಗವೇ ಇಲ್ಲ.

ಇಲ್ಲಿ ಒಂದು ಲೆಕ್ಕ ತಿಳಿದಿರಲಿ. ಅಗಲ, ಎತ್ತರ ಎರಡನ್ನೂ ಅರ್ಧ ಮಾಡಿದರೆ ಒಟ್ಟು ಪಿಕ್ಸೆಲ್ ಅರ್ಧ ಆಗುವುದಿಲ್ಲ, ಕಾಲು ಭಾಗ ಆಗುತ್ತದೆ. 4000×3000 ಫೋಟೊವನ್ನು 1600×1200ಕ್ಕೆ ಇಳಿಸಿದರೆ ಉಳಿಯುವುದು 19 ಲಕ್ಷದ 20 ಸಾವಿರ ಪಿಕ್ಸೆಲ್, ಅಂದರೆ ಮೂಲದ 16 ಶೇಕಡಾ ಮಾತ್ರ. ಆದರೂ ಲ್ಯಾಪ್‌ಟಾಪ್ ಪರದೆಯಲ್ಲಿ ಅದು ಚೆನ್ನಾಗಿಯೇ ಕಾಣುತ್ತದೆ. ತಲಾ 5 ಎಂಬಿಯ 40 ಫೋಟೊ ಹಾಕಿದರೆ ನೋಡುವವರ ಡೇಟಾ 200 ಎಂಬಿ ಖರ್ಚಾಗುತ್ತದೆ. ಅವನ್ನೇ ತಲಾ 400 ಕೆಬಿಗೆ ಇಳಿಸಿದರೆ 16 ಎಂಬಿ. ಸಿಗ್ನಲ್ ಸರಿಯಾಗಿ ಸಿಗದ ಮಲೆನಾಡಿನ ಮನೆಯಲ್ಲಿ ಕೂತು ನೋಡುವವರಿಗೆ ಈ ವ್ಯತ್ಯಾಸ ಬಹಳ ದೊಡ್ಡದು.

ಫೈಲಿನ ತೂಕ ಪಿಕ್ಸೆಲ್ ಲೆಕ್ಕದ ಮೇಲಷ್ಟೇ ನಿಂತಿಲ್ಲ. ಫೋಟೊದಲ್ಲಿ ಏನಿದೆ ಅನ್ನುವುದೂ ಮುಖ್ಯ. ಬರೀ ನೀಲಿ ಆಕಾಶ, ಶಾಂತವಾದ ಕೆರೆ ಇದ್ದರೆ ಫೈಲ್ ಹಗುರ. ಕಾಡಿನ ಎಲೆ, ಜೋಗದ ನೀರಿನ ಹನಿ, ಹೊಯ್ಸಳರ ಕೆತ್ತನೆ ಇದ್ದರೆ ಅದೇ ಅಳತೆಗೂ ತೂಕ ಜಾಸ್ತಿ. ಹಾಗಾಗಿ ‘ಎಲ್ಲ ಫೋಟೊವೂ 200 ಕೆಬಿ ಇರಬೇಕು’ ಎಂದು ಹಠ ಹಿಡಿಯಬೇಡಿ. ಪಿಕ್ಸೆಲ್ ಅಳತೆ ಒಂದೇ ಇರಲಿ, ತೂಕ ಫೋಟೊಗೆ ತಕ್ಕಂತೆ ಬದಲಾಗಲಿ.

ಡಿಪಿಐ, ಅಂದರೆ ಒಂದು ಇಂಚಿಗೆ ಎಷ್ಟು ಚುಕ್ಕಿ ಅನ್ನುವ ಲೆಕ್ಕ, ಅದರ ಬಗ್ಗೆಯೂ ಒಂದು ಮಾತು. ‘ಆನ್‌ಲೈನ್‌ಗೆ ಹಾಕಲು 72 ಡಿಪಿಐ ಮಾಡಿ’ ಎಂದು ಈಗಲೂ ಸಲಹೆ ಕೊಡುವವರಿದ್ದಾರೆ. ಪರದೆಗೆ ಆ ಸಂಖ್ಯೆ ಲೆಕ್ಕಕ್ಕೇ ಬರುವುದಿಲ್ಲ. 1600×1200 ಫೋಟೊದಲ್ಲಿ 72 ಎಂದು ಬರೆದಿರಲಿ, 300 ಎಂದು ಬರೆದಿರಲಿ, ಪರದೆಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಅದು ಬೇಕಾಗುವುದು ಕಾಗದದ ಮೇಲೆ ಮುದ್ರಿಸುವಾಗ.

ಎಲ್ಲಿಗೆ ಎಷ್ಟು?

ಮೊದಲು ಫೋಟೊ ಎಲ್ಲಿಗೆ ಹೋಗುತ್ತದೆ ಎಂದು ತೀರ್ಮಾನಿಸಿ. ಇನ್‌ಸ್ಟಾಗ್ರಾಮ್‌ಗಾದರೆ ಅಗಲ 1080 ಪಿಕ್ಸೆಲ್. ಅದಕ್ಕಿಂತ ಜಾಸ್ತಿ ಇದ್ದರೆ ಅದು ತಾನೇ ಇಳಿಸುತ್ತದೆ. ನಿಂತ ಫೋಟೊಗೆ 4:5 ಪ್ರಮಾಣ, ಅಂದರೆ 1080×1350 ಚೆನ್ನಾಗಿ ಹೊಂದುತ್ತದೆ. ಫೇಸ್‌ಬುಕ್‌ಗೆ ಉದ್ದದ ಬದಿ 2048 ಇಟ್ಟುಕೊಳ್ಳಿ. ಯೂಟ್ಯೂಬ್ ಥಂಬ್‌ನೇಲ್‌ಗೆ 1280×720. ನಿಮ್ಮದೇ ತಾಣದ ಲೇಖನದ ಜೊತೆ ಹಾಕುವುದಾದರೆ ಉದ್ದದ ಬದಿ 1200ರಿಂದ 1600 ಸಾಕು. ಪುಟದ ಪೂರ್ತಿ ಅಗಲಕ್ಕೆ ಬರುವ ಚಿತ್ರವಾದರೆ ಮಾತ್ರ 1920ರ ತನಕ ಹೋಗಿ.

ವಾಟ್ಸ್ಆ್ಯಪ್ ಮಾಮೂಲಿಯಾಗಿ ಕಳಿಸಿದ ಫೋಟೊವನ್ನು ಬಹಳವೇ ಕುಗ್ಗಿಸುತ್ತದೆ. ಎಚ್‌ಡಿ ಆಯ್ಕೆ ಒತ್ತಿದರೆ ಕುಗ್ಗುವುದು ಕಡಿಮೆ. ಒಂದಿಷ್ಟೂ ಬದಲಾಗಬಾರದು ಅನ್ನುವುದಿದ್ದರೆ ಫೋಟೊ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿ. ಜಿಮೇಲ್‌ನಲ್ಲಿ ಒಂದು ಪತ್ರದ ಲಗತ್ತುಗಳಿಗೆ ಒಟ್ಟು 25 ಎಂಬಿ ಮಿತಿ ಇದೆ.

ಕೆಲಸದ ಕ್ರಮ

1. ಮೂಲ ಫೋಟೊ ಮುಟ್ಟಬೇಡಿ. ಮೊದಲು ಅದರ ನಕಲು ಮಾಡಿಕೊಂಡು ಬೇರೆ ಫೋಲ್ಡರಿಗೆ ಹಾಕಿ. ಚಿಕ್ಕದು ಮಾಡುವಾಗ ಹೋದ ಪಿಕ್ಸೆಲ್ ಮತ್ತೆ ಬರುವುದಿಲ್ಲ. 1080 ಪಿಕ್ಸೆಲ್ ಫೋಟೊವನ್ನು ಮತ್ತೆ 4000ಕ್ಕೆ ಹಿಗ್ಗಿಸಿದರೆ ಅಳತೆ ದೊಡ್ಡದಾಗುತ್ತದೆ, ಕೆತ್ತನೆಯ ವಿವರ ಮರಳುವುದಿಲ್ಲ. ಸೇವ್ ಮಾಡುವಾಗ ಯಾವಾಗಲೂ ‘ಸೇವ್ ಆ್ಯಸ್’ ಬಳಸಿ, ಹೆಸರಿನ ಕೊನೆಗೆ ಅಳತೆ ಸೇರಿಸಿ. ‘ಬೇಲೂರು-ಮದನಿಕೆ-1080’ ಅನ್ನುವ ಥರ ಹೆಸರಿದ್ದರೆ ಒಂದು ವರ್ಷ ಬಿಟ್ಟು ನೋಡಿದರೂ ಯಾವುದು ಮೂಲ, ಯಾವುದು ನಕಲು ಎಂದು ಗೊತ್ತಾಗುತ್ತದೆ.

2. ನೆಟ್ಟಗೆ ಮಾಡಿ, ಕ್ರಾಪ್ ಮಾಡಿ. ಓರೆಯಾದ ಕಂಬ, ಬದಿಯಲ್ಲಿ ನುಗ್ಗಿದ ಯಾರದೋ ಭುಜ, ಖಾಲಿ ನೆಲ ಎಲ್ಲವನ್ನೂ ಈಗಲೇ ತೆಗೆದುಬಿಡಿ. ಸಣ್ಣ ಪರದೆಯಲ್ಲಿ ಮುಖ್ಯ ವಸ್ತು ದೊಡ್ಡದಾಗಿ ಕಾಣಬೇಕಾದರೆ ಕ್ರಾಪ್ ಮಾಡಲೇಬೇಕು. ನಮ್ಮ ಮದನಿಕೆಯ ಫೋಟೊ ನಿಂತ ಫೋಟೊ, 3000×4000. ಅದನ್ನು 4:5ಕ್ಕೆ ಕ್ರಾಪ್ ಮಾಡಿದರೆ 3000×3750 ಆಗುತ್ತದೆ. ಮುಂದೆ ಇದೇ 1080×1350 ಆಗಿ ಕೂರುತ್ತದೆ, ಒಂದು ಚೂರೂ ಎಳೆದಾಟ ಇಲ್ಲದೆ.

3. ಬೆಳಕು, ಬಣ್ಣ ಸರಿ ಮಾಡಿ. ಇದನ್ನು ದೊಡ್ಡ ಫೋಟೊದಲ್ಲೇ ಮುಗಿಸಿ. ಪಿಕ್ಸೆಲ್ ಜಾಸ್ತಿ ಇದ್ದಾಗ ತಿದ್ದಿದ್ದು ಸಹಜವಾಗಿ ಕೂರುತ್ತದೆ.

4. ಈಗ ಪಿಕ್ಸೆಲ್ ಇಳಿಸಿ. ವಿಂಡೋಸ್ ಇರುವವರಿಗೆ ಅದರ ಜೊತೆಗೇ ಬರುವ ಫೋಟೋಸ್ ಆ್ಯಪ್ ಸಾಕು. ಫೋಟೊ ತೆರೆದು, ಮೂರು ಚುಕ್ಕಿ ಒತ್ತಿ, ‘ರೀಸೈಜ್ ಇಮೇಜ್’ ಆರಿಸಿ. ಪಿಕ್ಸೆಲ್ ಆಯ್ಕೆ ಮಾಡಿ ಅಗಲಕ್ಕೆ 1080 ಎಂದು ಬರೆಯಿರಿ. ಎತ್ತರ ತಾನಾಗಿ ಬದಲಾಗುತ್ತದೆ. ಅಲ್ಲೇ ಗುಣಮಟ್ಟದ ಸ್ಲೈಡರ್ ಕೂಡ ಇದೆ. ಪೇಂಟ್‌ನಲ್ಲಿ ಕಂಟ್ರೋಲ್ ಮತ್ತು ಡಬ್ಲ್ಯೂ ಒತ್ತಿದರೆ ರೀಸೈಜ್ ಪೆಟ್ಟಿಗೆ ಬರುತ್ತದೆ. ತುರ್ತಿಗೆ ಪರವಾಗಿಲ್ಲ, ಆದರೆ ಗುಣಮಟ್ಟ ನಿಮ್ಮ ಹಿಡಿತದಲ್ಲಿ ಇರುವುದಿಲ್ಲ. ಮ್ಯಾಕ್‌ನಲ್ಲಿ ಪ್ರಿವ್ಯೂ ತೆರೆದು ‘ಟೂಲ್ಸ್’ ಮೆನುವಿನ ‘ಅಡ್ಜಸ್ಟ್ ಸೈಜ್’ಗೆ ಹೋಗಿ.

ನನ್ನ ಮೆಚ್ಚಿನ ಸಾಧನ ಗಿಂಪ್. ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ‘ಇಮೇಜ್’ ಮೆನುವಿನಲ್ಲಿ ‘ಸ್ಕೇಲ್ ಇಮೇಜ್’ ಇದೆ. ಅಗಲ, ಎತ್ತರದ ಪಕ್ಕದಲ್ಲಿರುವ ಸರಪಳಿಯ ಚಿಹ್ನೆ ಜೋಡಿಕೊಂಡೇ ಇರಲಿ. ಅದು ಬಿಟ್ಟುಹೋದರೆ ಮದನಿಕೆ ದಪ್ಪಗಾಗುತ್ತಾಳೆ ಇಲ್ಲವೇ ಉದ್ದಕ್ಕೆ ಎಳೆದಂತಾಗುತ್ತಾಳೆ. ಕೆಳಗೆ ‘ಇಂಟರ್‌ಪೊಲೇಶನ್’ ಎಂದು ಒಂದು ಆಯ್ಕೆ ಕಾಣುತ್ತದೆ. ಹಲವು ಪಿಕ್ಸೆಲ್‌ಗಳನ್ನು ಬೆರೆಸಿ ಒಂದು ಮಾಡುವುದು ಹೇಗೆ ಅನ್ನುವ ಲೆಕ್ಕ ಅದು. ‘ನನ್’ ಇಟ್ಟರೆ ಪಿಕ್ಸೆಲ್‌ಗಳು ಬೆರೆಯುವುದೇ ಇಲ್ಲ, ಅಂಚುಗಳು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತವೆ. ‘ಕ್ಯೂಬಿಕ್’ ಅಥವಾ ‘ಲೋಹ್ಯಾಲೊ’ ಇಡಿ.

ಬೇಲೂರಿನ ಕಲ್ಲಿನ ಜಾಲಂಧ್ರ, ಇಳಕಲ್ ಸೀರೆಯ ಗೆರೆ ಇಂಥ ಒತ್ತೊತ್ತಾದ ವಿನ್ಯಾಸ ಇದ್ದಾಗ ಎಚ್ಚರ ಬೇಕು. ಚಿಕ್ಕದು ಮಾಡಿದಾಗ ಅಲ್ಲಿ ಮೂಲದಲ್ಲಿ ಇಲ್ಲದ ಅಲೆ ಅಲೆಯ ಗೆರೆಗಳು ಹುಟ್ಟಿಕೊಳ್ಳಬಹುದು. ಹಾಗಾದರೆ ಇಂಟರ್‌ಪೊಲೇಶನ್ ಬದಲಿಸಿ ನೋಡಿ. ಅಥವಾ ಚಿಕ್ಕದು ಮಾಡುವ ಮೊದಲು ಆ ಜಾಗಕ್ಕೆ ಮಾತ್ರ ತುಸು ಬ್ಲರ್ ಕೊಡಿ.

ಫೋನಿನಲ್ಲೇ ಮಾಡುವುದಾದರೆ, ಐಫೋನ್‌ನ ಶಾರ್ಟ್‌ಕಟ್ಸ್ ಆ್ಯಪ್‌ನಲ್ಲಿ ‘ರೀಸೈಜ್ ಇಮೇಜ್’ ಅನ್ನುವ ಕ್ರಿಯೆ ಇದೆ, ಒಮ್ಮೆ ಜೋಡಿಸಿಟ್ಟರೆ ಸಾಕು. ಆಂಡ್ರಾಯ್ಡ್ ಇರಲಿ, ಬೇರೆ ಯಾವುದೇ ಇರಲಿ, ಬ್ರೌಸರಿನಲ್ಲಿ ಸ್ಕ್ವೂಶ್ ತೆರೆದುಕೊಳ್ಳಬಹುದು. ಇದು ಗೂಗಲ್ ಕ್ರೋಮ್ ತಂಡ ಮಾಡಿದ ಉಚಿತ ಸಾಧನ. ಫೋಟೊ ನಿಮ್ಮ ಯಂತ್ರದಲ್ಲೇ ಚಿಕ್ಕದಾಗುತ್ತದೆ, ಬೇರೆಯವರ ಸರ್ವರಿಗೆ ಹೋಗುವುದಿಲ್ಲ. ಎಡಕ್ಕೆ ಮೂಲ, ಬಲಕ್ಕೆ ಹೊಸದು ಇಟ್ಟು ನಡುವಿನ ಗೆರೆ ಸರಿಸುತ್ತಾ ಹೋಲಿಸಿ ನೋಡಬಹುದು. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ.

5. ಸ್ವಲ್ಪ ಶಾರ್ಪ್ ಮಾಡಿ. ಚಿಕ್ಕದು ಮಾಡಿದಾಗ ಪಿಕ್ಸೆಲ್‌ಗಳು ಬೆರೆತು ಅಂಚು ಕೊಂಚ ಮೆತ್ತಗಾಗುತ್ತದೆ. ಅದಕ್ಕೇ ಶಾರ್ಪ್ ಮಾಡುವುದು ಕೊನೆಗೆ, ಹೊಸ ಅಳತೆಗೆ ಇಳಿಸಿದ ಮೇಲೆ. ಗಿಂಪ್‌ನಲ್ಲಿ ‘ಫಿಲ್ಟರ್ಸ್’, ‘ಎನ್‌ಹ್ಯಾನ್ಸ್’, ಆಮೇಲೆ ‘ಶಾರ್ಪನ್’. ರೇಡಿಯಸ್ 0.5ರಿಂದ 1, ಅಮೌಂಟ್ 0.3ರಿಂದ 0.5 ಇಟ್ಟು ನೋಡಿ. ಜಾಸ್ತಿಯಾದರೆ ಶಿಲ್ಪ ಆಕಾಶಕ್ಕೆ ತಾಗುವ ಕಡೆ ಬಿಳಿ ಅಂಚು ಕಾಣಿಸಿಕೊಳ್ಳುತ್ತದೆ. ಅದು ಕಂಡ ತಕ್ಷಣ ಅಮೌಂಟ್ ಇಳಿಸಿ. ಮುಖಗಳಿರುವ ಫೋಟೊಗೆ ಇನ್ನೂ ಕಡಿಮೆ ಸಾಕು.

6. ಸರಿಯಾದ ರೂಪದಲ್ಲಿ (ಫಾರ್ಮ್ಯಾಟ್) ಸೇವ್ ಮಾಡಿ. ಫೋಟೊಗೆ ಜೆಪೆಗ್. 1992ರಿಂದ ಇದೆ, ಇದನ್ನು ತೆರೆಯದ ಯಂತ್ರವೇ ಇಲ್ಲ ಅನ್ನಬಹುದು. ಗಿಂಪ್‌ನಲ್ಲಿ ‘ಎಕ್ಸ್‌ಪೋರ್ಟ್ ಆ್ಯಸ್’ ಕೊಟ್ಟಾಗ ಗುಣಮಟ್ಟದ ಸ್ಲೈಡರ್ ಬರುತ್ತದೆ. 80ರ ಆಸುಪಾಸಿನಿಂದ ಶುರು ಮಾಡಿ. 100 ಇಟ್ಟರೆ ತೂಕ ಹಲವು ಪಟ್ಟು ಏರುತ್ತದೆ, ಕಣ್ಣಿಗೆ ವ್ಯತ್ಯಾಸ ಕಾಣುವುದೇ ಇಲ್ಲ. 60ಕ್ಕಿಂತ ಕೆಳಗೆ ಹೋದರೆ ಆಕಾಶದಲ್ಲಿ ಪಟ್ಟಿ ಪಟ್ಟಿ, ಅಂಚುಗಳ ಸುತ್ತ ಕೊಳೆ ಕಾಣತೊಡಗುತ್ತದೆ. ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್‌ನ ಚೌಕಗಳಾಗಿ ಒಡೆದು, ಒಂದೊಂದು ಚೌಕದಲ್ಲೂ ಕಣ್ಣಿಗೆ ಅಷ್ಟಾಗಿ ತಿಳಿಯದ ವಿವರವನ್ನು ಬಿಟ್ಟುಬಿಡುತ್ತದೆ. ಗುಣಮಟ್ಟ ಇಳಿಸಿದಷ್ಟೂ ಬಿಡುವುದು ಜಾಸ್ತಿ, ಆಗ ಆ ಚೌಕಗಳೇ ಎದ್ದು ಕಾಣುತ್ತವೆ. ಒಂದೇ ಜೆಪೆಗ್ ತೆರೆದು, ತಿದ್ದಿ, ಮತ್ತೆ ಮತ್ತೆ ಸೇವ್ ಮಾಡಿದಾಗಲೂ ಪ್ರತಿ ಸಲ ಇಷ್ಟಿಷ್ಟು ಕಳೆದುಹೋಗುತ್ತದೆ. ಏನೇ ತಿದ್ದುಪಡಿ ಇದ್ದರೂ ಮೂಲದಿಂದಲೇ ಹೊಸದಾಗಿ ಮಾಡಿ.

ನಿಮ್ಮದೇ ತಾಣವಿದ್ದರೆ ವೆಬ್‌ಪಿ ಬಳಸಬಹುದು. ಗೂಗಲ್ 2010ರಲ್ಲಿ ತಂದ ರೂಪ ಇದು. ಅದೇ ನೋಟಕ್ಕೆ ಜೆಪೆಗ್‌ಗಿಂತ ಹಗುರ, ಈಗಿನ ಎಲ್ಲ ಮುಖ್ಯ ಬ್ರೌಸರ್‌ಗಳಲ್ಲಿ ತೆರೆಯುತ್ತದೆ. ಐಫೋನ್ ಮಾಮೂಲಿಯಾಗಿ ಸೇವ್ ಮಾಡುವ ರೂಪ ಎಚ್‌ಇಐಸಿ. ಆ ಫೋಟೊಗಳನ್ನು ಹಾಗೇ ಹಾಕಬೇಡಿ, ಜೆಪೆಗ್‌ಗೆ ಬದಲಿಸಿ. ‘ಸೆಟ್ಟಿಂಗ್ಸ್’, ‘ಕ್ಯಾಮೆರಾ’, ‘ಫಾರ್ಮ್ಯಾಟ್ಸ್’ ಕಡೆ ಹೋಗಿ ‘ಮೋಸ್ಟ್ ಕಂಪ್ಯಾಟಿಬಲ್’ ಇಟ್ಟರೆ ಕ್ಯಾಮೆರಾ ಮೊದಲಿನಿಂದಲೇ ಜೆಪೆಗ್ ಕೊಡುತ್ತದೆ.

ದೊಡ್ಡ ಕ್ಯಾಮೆರಾ ಬಳಸುವವರು ಬಣ್ಣದ ವ್ಯವಸ್ಥೆ ಎಸ್‌ಆರ್‌ಜಿಬಿ ಇದೆಯೇ ನೋಡಿಕೊಳ್ಳಿ. ಅಡೋಬಿ ಆರ್‌ಜಿಬಿಯಲ್ಲಿ ಸೇವ್ ಮಾಡಿದ್ದು ಕೆಲವು ಕಡೆ ಸಪ್ಪೆಯಾಗಿ ಕಾಣುತ್ತದೆ.

7. ಸ್ಥಳದ ಮಾಹಿತಿ ತೆಗೆಯಿರಿ. ಇದನ್ನು ಬಹಳ ಜನ ಯೋಚಿಸುವುದೇ ಇಲ್ಲ. ಲೊಕೇಶನ್ ಆನ್ ಇದ್ದರೆ ಫೋಟೊ ತೆಗೆದ ಜಾಗದ ಅಕ್ಷಾಂಶ, ರೇಖಾಂಶ ಫೈಲಿನ ಒಳಗೇ ಕೂತಿರುತ್ತದೆ. ಅದನ್ನು ಎಕ್ಸಿಫ್ ಮಾಹಿತಿ ಅನ್ನುತ್ತಾರೆ. ಕೆಲವು ತಾಣಗಳು ತೆಗೆದುಹಾಕುತ್ತವೆ, ಕೆಲವು ತೆಗೆಯುವುದಿಲ್ಲ. ಮನೆಯಲ್ಲಿ ತೆಗೆದ ಮಗುವಿನ ಫೋಟೊ ಹಾಕಿದರೆ ಮನೆ ಎಲ್ಲಿದೆ ಎಂದು ಜಗತ್ತಿಗೇ ಹೇಳಿದಂತಾಯಿತು ಅಲ್ವಾ? ಪಶ್ಚಿಮ ಘಟ್ಟದಲ್ಲಿ ಹಕ್ಕಿಯ ಗೂಡನ್ನೋ, ಅಪರೂಪದ ಆರ್ಕಿಡ್ ಗಿಡವನ್ನೋ ಫೋಟೊ ತೆಗೆಯುವವರು ಇದನ್ನು ಕಡ್ಡಾಯ ಎಂದೇ ತಿಳಿಯಬೇಕು. ಜಾಗ ಗೊತ್ತಾದರೆ ಅಲ್ಲಿಗೆ ಜನ ನುಗ್ಗುತ್ತಾರೆ, ಕಳ್ಳರೂ ಬರುತ್ತಾರೆ.

ವಿಂಡೋಸ್‌ನಲ್ಲಿ ಫೈಲಿನ ಮೇಲೆ ಬಲ ಕ್ಲಿಕ್ ಮಾಡಿ, ‘ಪ್ರಾಪರ್ಟೀಸ್’ನ ‘ಡೀಟೇಲ್ಸ್’ ಭಾಗಕ್ಕೆ ಹೋಗಿ. ಕೆಳಗಡೆ ವೈಯಕ್ತಿಕ ಮಾಹಿತಿ ತೆಗೆಯುವ ಆಯ್ಕೆ ಇದೆ. ಗಿಂಪ್‌ನಲ್ಲಿ ಎಕ್ಸ್‌ಪೋರ್ಟ್ ಮಾಡುವಾಗ ‘ಎಕ್ಸಿಫ್ ಡೇಟಾ’ ಮುಂದಿನ ಗುರುತು ತೆಗೆದರೆ ಸಾಕು. ಫೋಟೊ ಯಾವ ಕಡೆಗೆ ತಿರುಗಿರಬೇಕು ಅನ್ನುವ ಸೂಚನೆಯೂ ಇದೇ ಮಾಹಿತಿಯಲ್ಲಿ ಇರುತ್ತದೆ. ಅದು ಹೋದ ಮೇಲೆ ನಿಂತ ಫೋಟೊ ಮಲಗಿಬಿಟ್ಟರೆ ಗಾಬರಿಯಾಗಬೇಡಿ. ಮೊದಲು ರೊಟೇಟ್ ಮಾಡಿ ಸೇವ್ ಮಾಡಿ, ಆಮೇಲೆ ಮಾಹಿತಿ ತೆಗೆಯಿರಿ.

8. ಫೋನಿನಲ್ಲಿ ನೋಡಿ. ಹಾಕುವ ಮೊದಲು ಹೊಸ ಫೈಲನ್ನು ಕಂಪ್ಯೂಟರಿನಲ್ಲಿ 100 ಶೇಕಡಾ ಅಳತೆಯಲ್ಲಿ ಒಮ್ಮೆ, ಫೋನಿನಲ್ಲಿ ಒಮ್ಮೆ ನೋಡಿ. ಮುಖ, ಅಕ್ಷರ, ಆಕಾಶ ಈ ಮೂರು ಸರಿ ಇದ್ದರೆ ಉಳಿದದ್ದು ಸಾಮಾನ್ಯವಾಗಿ ಸರಿಯೇ ಇರುತ್ತದೆ.

ಕನ್ನಡ ಅಕ್ಷರ ಇರುವ ಚಿತ್ರಗಳು

ಮದುವೆ ಕರೆಯೋಲೆ, ಜಾತ್ರೆಯ ಪ್ರಕಟಣೆ, ರಾಜ್ಯೋತ್ಸವದ ಪೋಸ್ಟರ್, ಪತ್ರಿಕೆಯ ತುಣುಕು. ನಾವು ಫೋಟೊದಷ್ಟೇ ಇವನ್ನೂ ಹಂಚುತ್ತೇವೆ. ಮೇಲೆ ಹೇಳಿದ ಕ್ರಮ ಇವಕ್ಕೆ ಹಾಗೇ ಒಗ್ಗುವುದಿಲ್ಲ, ಅದಕ್ಕೇ ಬೇರೆಯಾಗಿ ಹೇಳುತ್ತಿದ್ದೇನೆ.

ನಮ್ಮ ಲಿಪಿಯಲ್ಲಿ ದ ಮತ್ತು ಧ, ಡ ಮತ್ತು ಢ ನಡುವೆ ಇರುವುದು ಕೆಳಗಿನ ಒಂದು ಪುಟ್ಟ ಸೀಳು. ಒತ್ತಕ್ಷರಗಳು ಸಾಲಿನ ಕೆಳಗೆ ಇನ್ನೂ ಸಣ್ಣದಾಗಿ ಕೂರುತ್ತವೆ. ಚಿತ್ರ ಕುಗ್ಗಿದಾಗ ಮೊದಲು ಅಳಿಸಿಹೋಗುವುದು ಇವೇ. ಇಂಗ್ಲಿಷ್ ಅಕ್ಷರ ಓದಲು ಬರುತ್ತಿದೆ ಎಂದು ಕನ್ನಡವೂ ಬರುತ್ತದೆ ಅನ್ನುವಂತಿಲ್ಲ. ಚಿತ್ರದಲ್ಲಿರುವ ಅತಿ ಚಿಕ್ಕ ಒತ್ತಕ್ಷರ ಫೋನಿನಲ್ಲಿ ಹಿಗ್ಗಿಸದೆ ಓದಲು ಬರುತ್ತದೆಯೇ ಎಂದು ನೋಡಿ, ಅದರ ಮೇಲೆ ಅಳತೆ ತೀರ್ಮಾನಿಸಿ.

ಇಂಥ ಚಿತ್ರಕ್ಕೆ ಪಿಎನ್‌ಜಿ ರೂಪ ಒಳ್ಳೆಯದು. ಅದು ಏನನ್ನೂ ಬಿಡದೆ ಉಳಿಸುತ್ತದೆ. ಬಿಳಿ ಹಿನ್ನೆಲೆ, ಕೆಲವೇ ಬಣ್ಣ ಇದ್ದಾಗ ಫೈಲ್ ಹಗುರವಾಗಿಯೂ ಇರುತ್ತದೆ. ಫೋಟೊಗೆ ಮಾತ್ರ ಪಿಎನ್‌ಜಿ ಬೇಡ, ತೂಕ ಬಹಳ ಏರುತ್ತದೆ.

ಹಳದಿ ಹಿನ್ನೆಲೆಯ ಮೇಲೆ ಕೆಂಪು ಅಕ್ಷರ ನಮ್ಮ ಪೋಸ್ಟರ್‌ಗಳಲ್ಲಿ ಸರ್ವೇಸಾಮಾನ್ಯ. ಜೆಪೆಗ್‌ಗೆ ಅತಿ ಕಷ್ಟ ಕೊಡುವ ಜೋಡಿಗಳಲ್ಲಿ ಇದೂ ಒಂದು. ಮನುಷ್ಯನ ಕಣ್ಣು ಬೆಳಕಿನ ವ್ಯತ್ಯಾಸವನ್ನು ಗುರುತಿಸುವಷ್ಟು ಸೂಕ್ಷ್ಮವಾಗಿ ಬಣ್ಣದ ವ್ಯತ್ಯಾಸವನ್ನು ಗುರುತಿಸುವುದಿಲ್ಲ. ಆದ್ದರಿಂದ ಜೆಪೆಗ್ ಸಾಮಾನ್ಯವಾಗಿ ಬಣ್ಣದ ವಿವರವನ್ನು ಅಡ್ಡಕ್ಕೂ ಉದ್ದಕ್ಕೂ ಅರ್ಧಕ್ಕೆ ಇಳಿಸಿಬಿಡುತ್ತದೆ. ಫೋಟೊದಲ್ಲಿ ಇದು ತಿಳಿಯುವುದಿಲ್ಲ. ಕೆಂಪು ಅಕ್ಷರದ ಅಂಚಿನಲ್ಲಿ ಮಾತ್ರ ಬಣ್ಣ ಹರಡಿ ಕೊಳಕಾಗುತ್ತದೆ. ಜೆಪೆಗ್ ಬಳಸಲೇಬೇಕಾದರೆ ಗಿಂಪ್‌ನ ಎಕ್ಸ್‌ಪೋರ್ಟ್ ಪೆಟ್ಟಿಗೆಯಲ್ಲಿ ‘ಸಬ್‌ಸ್ಯಾಂಪ್ಲಿಂಗ್’ ಅನ್ನುವಲ್ಲಿ 4:4:4, ಅಂದರೆ ಬಣ್ಣದ ವಿವರ ಇಳಿಸದ ಆಯ್ಕೆ, ಆರಿಸಿ, ಗುಣಮಟ್ಟ 90 ಇಡಿ. ಕೂಡಲೇ ವ್ಯತ್ಯಾಸ ಕಾಣುತ್ತದೆ.

ಅರ್ಜಿಗಳಿಗೆ ಫೋಟೊ, ಸಹಿ

ಇಲ್ಲಿ ಅಂದ ಚಂದಕ್ಕಿಂತ ನಿಯಮ ಮುಖ್ಯ. ಉದಾಹರಣೆಗೆ ಬ್ಯಾಂಕ್ ಹುದ್ದೆಗಳ ಐಬಿಪಿಎಸ್ ಅರ್ಜಿಗಳಲ್ಲಿ ಫೋಟೊ 200×230 ಪಿಕ್ಸೆಲ್, 20ರಿಂದ 50 ಕೆಬಿ, ಸಹಿ 140×60 ಪಿಕ್ಸೆಲ್, 10ರಿಂದ 20 ಕೆಬಿ ಎಂದು ಕೇಳುತ್ತಾರೆ. ಪ್ರತಿ ಅರ್ಜಿಯ ಅಧಿಸೂಚನೆಯನ್ನೂ ಹೊಸದಾಗಿ ಓದಿ, ಹಳೆಯ ಅಳತೆಯನ್ನೇ ನಂಬಬೇಡಿ.

ಮೊದಲು ಕೇಳಿದ ಪ್ರಮಾಣಕ್ಕೆ ಕ್ರಾಪ್, ಆಮೇಲೆ ಪಿಕ್ಸೆಲ್, ಕೊನೆಗೆ ಗುಣಮಟ್ಟದ ಸ್ಲೈಡರ್ ಹಿಂದೆ ಮುಂದೆ ಮಾಡಿ ಕೆಬಿ ಹೊಂದಿಸುವುದು. ಕನಿಷ್ಠ ಮಿತಿಯನ್ನು ಮರೆಯಬೇಡಿ. ಮೇಲಿನ ಉದಾಹರಣೆಯಲ್ಲಿ ಫೋಟೊ 15 ಕೆಬಿಗೆ ಇಳಿದರೆ ಅದೂ ತಿರಸ್ಕಾರವಾಗುತ್ತದೆ, ಆಗ ಗುಣಮಟ್ಟ ಏರಿಸಿ. ವಿಂಡೋಸ್‌ನ ಉಚಿತ ಇರ್ಫಾನ್‌ವ್ಯೂನಲ್ಲಿ ಜೆಪೆಗ್ ಸೇವ್ ಮಾಡುವಾಗ ಇಂತಿಷ್ಟೇ ಕೆಬಿ ಬೇಕು ಎಂದು ನೇರವಾಗಿ ಬರೆಯಬಹುದು, ಇಂಥ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಸಹಿಯನ್ನು ಬಿಳಿ ಹಾಳೆಯ ಮೇಲೆ ಕಪ್ಪು ಶಾಯಿಯಲ್ಲಿ ಮಾಡಿ, ಹಗಲು ಬೆಳಕಿನಲ್ಲಿ ನೆರಳು ಬೀಳದ ಹಾಗೆ ಫೋಟೊ ತೆಗೆದು, ಸಹಿಯ ಅಂಚಿನ ತನಕ ಕ್ರಾಪ್ ಮಾಡಿ.

‘ಫೋಟೊ ಕೆಬಿ ಕಡಿಮೆ ಮಾಡಿ’ ಎಂದು ಹುಡುಕಿದರೆ ನೂರಾರು ತಾಣಗಳು ಸಿಗುತ್ತವೆ. ಆಧಾರ್, ಅಂಕಪಟ್ಟಿ, ಸಹಿ ಇವನ್ನು ಗೊತ್ತಿಲ್ಲದ ತಾಣಕ್ಕೆ ಸುಮ್ನೆ ಏರಿಸಬೇಡಿ. ನಿಮ್ಮ ಯಂತ್ರದಲ್ಲೇ ಆಗುವ ಕೆಲಸ ಇದು.

ಒಂದೇ ಸಲ ನೂರು ಫೋಟೊ

ಶಾಲಾ ವಾರ್ಷಿಕೋತ್ಸವ, ಯಕ್ಷಗಾನದ ಇಡೀ ರಾತ್ರಿ, ಚಾರಣ. ಇವನ್ನೆಲ್ಲ ಒಂದೊಂದಾಗಿ ಮಾಡಿ ಮುಗಿಯುವುದಿಲ್ಲ. ಮೈಕ್ರೋಸಾಫ್ಟ್‌ನ ಉಚಿತ ಪವರ್‌ಟಾಯ್ಸ್ ಹಾಕಿಕೊಂಡರೆ ಹತ್ತಾರು ಫೈಲುಗಳನ್ನು ಆರಿಸಿ, ಬಲ ಕ್ಲಿಕ್ ಮಾಡಿ, ಇಮೇಜ್ ರೀಸೈಜರ್‌ಗೆ ಅಳತೆ ಕೊಟ್ಟರೆ ಮುಗಿಯಿತು. ಇರ್ಫಾನ್‌ವ್ಯೂನಲ್ಲಿ ‘ಬ್ಯಾಚ್ ಕನ್ವರ್ಶನ್’ ಇದೆ, ಹೆಸರು ಬದಲಿಸುವುದನ್ನೂ ಒಟ್ಟಿಗೇ ಮಾಡುತ್ತದೆ. ಮ್ಯಾಕ್‌ನಲ್ಲಿ ಎಲ್ಲ ಫೋಟೊ ಪ್ರಿವ್ಯೂನಲ್ಲಿ ತೆರೆದು, ಎಲ್ಲವನ್ನೂ ಆರಿಸಿ ‘ಅಡ್ಜಸ್ಟ್ ಸೈಜ್’ ಕೊಡಿ. ಪ್ರಿವ್ಯೂ ಮೂಲ ಫೈಲಿನ ಮೇಲೆಯೇ ಬರೆದುಬಿಡುವುದರಿಂದ ಅಲ್ಲಿ ನಕಲಿನ ಮೇಲೆ ಮಾತ್ರ ಕೆಲಸ ಮಾಡಿ. ಅಡ್ಡ, ನಿಂತ ಫೋಟೊಗಳು ಬೆರೆತಿದ್ದರೆ ಅಗಲದ ಬದಲು ಉದ್ದದ ಬದಿಗೆ 1600 ಎಂದು ಕೊಡುವ ಆಯ್ಕೆ ಎಲ್ಲಿದೆ ನೋಡಿ. ಇಲ್ಲವಾದರೆ ನಿಂತ ಫೋಟೊಗಳು ಬೇಕಾದ್ದಕ್ಕಿಂತ ದೊಡ್ಡದಾಗಿ ಬರುತ್ತವೆ.

ಚಿಕ್ಕದು ಮಾಡಬಾರದ ಕಡೆ

ಮುದ್ರಣಕ್ಕೆ ಕಳಿಸುವಾಗ ಮೂಲವನ್ನೇ ಕೊಡಿ. 6×4 ಇಂಚಿನ ಫೋಟೊಗೆ 300 ಡಿಪಿಐ ಲೆಕ್ಕದಲ್ಲಿ 1800×1200 ಪಿಕ್ಸೆಲ್ ಬೇಕು, 12×8ಕ್ಕೆ 3600×2400. ಇನ್‌ಸ್ಟಾಗ್ರಾಮ್‌ಗೆ ಇಳಿಸಿದ 1080ರ ಫೋಟೊ ಗೋಡೆಗೆ ಹಾಕುವಷ್ಟು ದೊಡ್ಡದಾಗಿ ಮುದ್ರಿಸಲು ಸಾಲುವುದಿಲ್ಲ. ಮನೆಯ ಹಿರಿಯರ ಫೋಟೊ ಮುದ್ರಿಸಬೇಕಾದಾಗ ವಾಟ್ಸ್ಆ್ಯಪ್ ಗುಂಪಿನಲ್ಲಿ ಹುಡುಕದೆ ತೆಗೆದವರ ಫೋನಿನಿಂದಲೇ ಕೇಳಿ ತರಿಸಿಕೊಳ್ಳಿ.

ಯಾರು ಬೇಕಾದರೂ ಬಳಸಬಹುದಾದ ಚಿತ್ರಗಳ ಭಂಡಾರವಾದ ವಿಕಿಮೀಡಿಯ ಕಾಮನ್ಸ್‌ಗೂ ಪೂರ್ತಿ ಅಳತೆಯ ಫೋಟೊವನ್ನೇ ಕೊಡಬೇಕು. ಕನ್ನಡ ವಿಕಿಪೀಡಿಯದ ಲೇಖನಗಳಲ್ಲಿ ಕಾಣುವ ಬಹುಪಾಲು ಚಿತ್ರಗಳು ಅಲ್ಲಿಂದಲೇ ಬರುತ್ತವೆ. ಲೇಖನಕ್ಕೆ ಬೇಕಾದ ಚಿಕ್ಕ ಅಳತೆಗಳನ್ನು ಅಲ್ಲಿನ ಸಾಫ್ಟ್‌ವೇರ್ ತಾನೇ ಮಾಡಿಕೊಳ್ಳುತ್ತದೆ, ದೊಡ್ಡದು ಬೇಕಾದವರಿಗೆ ಮೂಲವೂ ಸಿಗುತ್ತದೆ. ನಿಮ್ಮ ಊರಿನ ವೀರಗಲ್ಲು, ಶಾಸನದ ಫೋಟೊ ಹಾಕುವುದಾದರೆ ಕ್ಯಾಮೆರಾದಿಂದ ಬಂದ ಅಳತೆಯಲ್ಲೇ ಹಾಕಿ. ಅಕ್ಷರ ಸವೆದ ಶಾಸನವನ್ನು ಓದಲು ಹೊರಟವರಿಗೆ ಒಂದೊಂದು ಪಿಕ್ಸೆಲ್ಲೂ ಬೇಕಾಗುತ್ತದೆ.